ಕೊಳಗ ಯಾರ ಕೈಯಲ್ಲಿದೆ?

ಈಚೆಗೆ ನಮ್ಮ ಊರುಗಳಲ್ಲಿ ಉಪದೇಶದ ಸುಗ್ಗಿ ಬಂದಿದೆ. ಶಾಲು ಹೊದ್ದವರು, ಹಾರ ಹಾಕಿಸಿಕೊಂಡವರು ಧ್ವನಿವರ್ಧಕದ ಮುಂದೆ ನಿಂತು ಹೇಳುತ್ತಾರೆ: ಇಂದಿನ ಮನುಷ್ಯನ ಬದುಕಿಗೆ ಅರ್ಥವಿಲ್ಲ. ಅವನು ತನ್ನ ಬೇರು ಮರೆತಿದ್ದಾನೆ. ಸಮಾಜಕ್ಕೆ, ಸಂಪ್ರದಾಯಕ್ಕೆ, ಹುಟ್ಟಿದ ನೆಲಕ್ಕೆ ಅವನು ಮರಳಬೇಕು. ಮರಳಿದರೆ ಎಲ್ಲವೂ ಸರಿಹೋಗುತ್ತದೆ. ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಭಾಷಣಕಾರರು ಕಾರು ಹತ್ತಿ ಹೋಗುತ್ತಾರೆ. ಚಪ್ಪಾಳೆ ತಟ್ಟಿದ ಕೂಲಿಕಾರ ಮನೆಗೆ ಬಂದು ನೋಡುತ್ತಾನೆ: ಬಾಡಿಗೆ ಏರಿದೆ, ಪಾಳಿ ಬದಲಾಗಿದೆ, ಪಕ್ಕದ ಮನೆಯವರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿದ್ದಾರೆ. ಅವನು ಮರಳಬೇಕಾದ ಊರು ಎಲ್ಲಿದೆ? ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ಉಪದೇಶ ಪೂರಾ ಸುಳ್ಳೆಂದು ನಾವು ಹೇಳುವುದಿಲ್ಲ. ಪೂರಾ ಸುಳ್ಳಾಗಿದ್ದರೆ ಅದಕ್ಕೆ ಈ ಪುಟದಲ್ಲಿ ಉತ್ತರ ಬರೆಯುವ ಅಗತ್ಯವೂ ಇರುತ್ತಿರಲಿಲ್ಲ. ಮನುಷ್ಯ ಒಂಟಿಯಾಗಿ ಬಾಳಲಾರ. ಕಷ್ಟಕ್ಕೆ ಕರೆದರೆ ಓಗೊಡುವ ನೆರೆ ಬೇಕು, ವರ್ಷಕ್ಕೊಮ್ಮೆಯಾದರೂ ಒಟ್ಟಿಗೆ ಕೂತು ಉಣ್ಣುವ ಹಬ್ಬ ಬೇಕು, ಇದು ನನ್ನ ಊರು ಎಂದು ಎದೆ ತಟ್ಟಿ ಹೇಳಿಕೊಳ್ಳುವ ನೆಲ ಬೇಕು. ಇವು ಇಲ್ಲದ ಬಾಳು ಬರೀ ಪಾಳಿ ಮುಗಿಸುವ ಬಾಳು.

ನಮ್ಮ ಪಾಳಯದಲ್ಲೇ ಕೆಲವು ಓದಿದ ಮಿತ್ರರಿದ್ದಾರೆ. ಜಾತ್ರೆ, ಹಬ್ಬ, ಊರು, ಕೇರಿ ಎಂದರೆ ಅವರು ಮೂಗು ಮುರಿಯುತ್ತಾರೆ. ಇವೆಲ್ಲ ಗೊಡ್ಡು, ಕಾರ್ಮಿಕನಿಗೆ ಊರಿಲ್ಲ, ಇರುವುದು ಕೂಲಿ ಮಾತ್ರ ಎಂದು ಹೇಳಿ ಮುಗಿಸುತ್ತಾರೆ. ಇವರ ಮಾತಿನಿಂದ ಲಾಭ ಯಾರಿಗೆ? ಶಾಲು ಹೊದ್ದವರಿಗೆ! ನಾವು ಬಿಟ್ಟುಕೊಟ್ಟ ಹಬ್ಬವನ್ನು ಅವರು ಎತ್ತಿಕೊಂಡರು. ನಾವು ಕಾಲಿಡದ ಜಾತ್ರೆಗೆ ಅವರು ಯಜಮಾನರಾದರು. ನಾವು ಗೊಡ್ಡೆಂದು ಎಸೆದ ಊರಿನ ಹೆಸರನ್ನು ಅವರು ಬಾವುಟದ ಮೇಲೆ ಬರೆದುಕೊಂಡರು.

ಆದ್ದರಿಂದ ಎರಡು ಕಡೆಯವರಿಗೂ ನಮ್ಮ ಪ್ರಶ್ನೆ ಒಂದೇ. ಊರು, ನೆರೆ, ಸಂಪ್ರದಾಯ ಬೇಕು ಎಂದು ಒಪ್ಪೋಣ. ಆದರೆ ಅವುಗಳನ್ನು ಅಳೆಯುವ ಕೊಳಗ ಯಾರ ಕೈಯಲ್ಲಿದೆ?

ಕಾಗೋಡು ಹೇಳಿದ್ದೇನು?

ಕೊಳಗವೆಂದರೆ ಭತ್ತ ಅಳೆಯುವ ಮಾಪು. ಇಂದಿನ ಹುಡುಗರು ಅದನ್ನು ನೋಡಿರಲಿಕ್ಕಿಲ್ಲ. ನಮ್ಮ ನಾಡಿನ ರೈತ ಚಳವಳಿಯ ಒಂದು ದೊಡ್ಡ ಅಧ್ಯಾಯ ಈ ಮಾಪಿನಿಂದಲೇ ಹುಟ್ಟಿತು. ಅದನ್ನು ನೆನಪಿಸುವುದು ಅಗತ್ಯ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಉಳುವವರು ಗೇಣಿದಾರರು. ಅವರಲ್ಲಿ ಹೆಚ್ಚಿನವರು ದೀವರು. ಭೂಮಿ ಧಣಿಗಳದು. ಸುಗ್ಗಿಯಾದ ಮೇಲೆ ಗೇಣಿಯ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕು. ಧಣಿಯ ಮನೆಯ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದು. ಕಾಗದದ ಮೇಲೆ ಗೇಣಿ ಏರಿರುವುದಿಲ್ಲ, ಆದರೆ ಪ್ರತಿ ಅಳತೆಯಲ್ಲೂ ಗೇಣಿದಾರನ ಮಕ್ಕಳ ಅನ್ನ ಒಂದಿಷ್ಟು ಧಣಿಯ ಕಣಜಕ್ಕೆ ಜಾರುತ್ತದೆ. ಇದರ ಮೇಲೆ ಬಿಟ್ಟಿ ಚಾಕರಿ ಬೇರೆ. ಪಂಚೆ ಮೊಣಕಾಲಿನಿಂದ ಕೆಳಗೆ ಇಳಿಯಕೂಡದೆಂಬ ಕಟ್ಟಳೆ ಬೇರೆ. ಇದಕ್ಕೆಲ್ಲ ಧಣಿಗಳು ಕೊಟ್ಟ ಸಮರ್ಥನೆ ಏನು? ಮಾಮೂಲು! ಅಪ್ಪ ಅಜ್ಜನ ಕಾಲದಿಂದ ನಡೆದು ಬಂದದ್ದು!

1948ರಲ್ಲಿ ಸಾಗರ ತಾಲ್ಲೂಕಿನ ರೈತಸಂಘ ಹುಟ್ಟಿತು. ಎಚ್. ಗಣಪತಿಯಪ್ಪನವರು ಹಳ್ಳಿಹಳ್ಳಿ ಸುತ್ತಿ ಗೇಣಿದಾರರನ್ನು ಒಟ್ಟುಗೂಡಿಸಿದರು. ಗೇಣಿದಾರರು ಕೇಳಿದ್ದು ಮೊದಲಿಗೆ ಇಷ್ಟೇ: ಅಳತೆ ನ್ಯಾಯವಾಗಿರಲಿ, ಕೊಟ್ಟದ್ದಕ್ಕೆ ರಸೀತಿ ಇರಲಿ. ಧಣಿಗಳು ಒಪ್ಪಲಿಲ್ಲ, ಭೂಮಿ ಬಿಡಿಸಲು ಹೊರಟರು. 1951ರ ಏಪ್ರಿಲ್‌ನಲ್ಲಿ ಗೇಣಿದಾರರು ನೇಗಿಲು ಹಿಡಿದು ತಾವು ಉಳುತ್ತಿದ್ದ ಗದ್ದೆಗೇ ಇಳಿದರು, ಸೆರೆಯಾದರು. ಮತ್ತೊಂದು ತಂಡ ಇಳಿಯಿತು, ಅದೂ ಸೆರೆಯಾಯಿತು. ಸಮಾಜವಾದಿ ಪಕ್ಷ ಚಳವಳಿಗೆ ಹೆಗಲು ಕೊಟ್ಟಿತು. ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಅದೇ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು, ಅವರೂ ಸೆರೆಯಾದರು. 1952ರ ಚುನಾವಣೆಯಲ್ಲಿ ಸಾಗರ-ಹೊಸನಗರದ ಜನ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. 1961ರಲ್ಲಿ ಭೂಸುಧಾರಣೆಯ ಕಾಯಿದೆ ಬಂತು. ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯ ಮೇಲೆ ಗೇಣಿಯ ಭೂಮಿ ಸರಕಾರದ ವಶಕ್ಕೆ ಬಂದು, ಉಳುವವನು ಏಳನೆಯ ನಮೂನೆಯ ಅರ್ಜಿ ಹಾಕಿ ಅದನ್ನು ತನ್ನ ಹೆಸರಿಗೆ ಪಡೆಯುವಂತಾಯಿತು. ಕೊಳಗದಿಂದ ಹಕ್ಕಿನವರೆಗೆ ಇಪ್ಪತ್ತಮೂರು ವರ್ಷ!

ಇದು ಭೂಮಿಯ ಕಥೆ, ಸಂಪ್ರದಾಯಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವಿರೊ? ಸಂಬಂಧವಿದೆ. ಆ ಗೇಣಿದಾರರ ಮನೆಯ ಒಳಗೆ ಬಂದು ನೋಡಿ.

ಆಶ್ವಯುಜ ಮಾಸದ ಹುಣ್ಣಿಮೆ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಭತ್ತದ ಪೈರು ಹೊಡೆ ತುಂಬಿ ನಿಂತಿರುವ ಕಾಲ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು. ದೀವರ ಹೆಂಗಸರು ದಸರೆಯ ಹೊತ್ತಿಗೇ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಯನ್ನು ಅರೆದ ಬಿಳಿ ಬಣ್ಣದಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಅದು ಭೂಮಣ್ಣಿ ಬುಟ್ಟಿ. ಹಬ್ಬದ ಹಿಂದಿನ ರಾತ್ರಿಯೆಲ್ಲ ನಿದ್ದೆಗೆಟ್ಟು ಸೊಪ್ಪು, ತರಕಾರಿ, ಕಡುಬು ಬೇಯಿಸುತ್ತಾರೆ. ಬೆಳಕು ಹರಿಯುವ ಮುಂಚೆ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಬೀರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಗದ್ದೆಯ ಬದಿಯಲ್ಲೇ ಕೂತು ಉಣ್ಣುತ್ತಾರೆ. ಕಾಗೆಗೂ ಒಂದು ಪಾಲು, ಇಲಿಗೂ ಒಂದು ಪಾಲು.

ಇನ್ನು ಯೋಚಿಸಿ. ಯಾರ ಗದ್ದೆಗೆ ಈ ಬಯಕೆಯೂಟ? ಧಣಿಯ ಗದ್ದೆಗೆ! ಆ ಗದ್ದೆಯ ಪತ್ರ ಧಣಿಯ ಪೆಟ್ಟಿಗೆಯಲ್ಲಿ, ಅದರ ಭತ್ತ ಧಣಿಯ ಕಣಜದಲ್ಲಿ. ಆದರೆ ಅದನ್ನು ತಾಯಿ ಎಂದು ಕರೆದು, ಬಸುರಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡವರು ಹೊಟ್ಟೆಗಿಲ್ಲದ ಗೇಣಿದಾರರು. ಕಾಗೆಗೂ ಇಲಿಗೂ ಪಾಲು ಇಟ್ಟವರ ಪಾಲನ್ನು ಧಣಿಯ ಕೊಳಗ ಕಿತ್ತುಕೊಂಡಿತು. ಇವರಿಬ್ಬರಲ್ಲಿ ನೆಲದ ಸಂಪ್ರದಾಯ ಯಾರದು? ಪತ್ರ ಇಟ್ಟುಕೊಂಡವನದೊ, ಬುಟ್ಟಿಗೆ ಚಿತ್ತಾರ ಬರೆದವಳದೊ?

ಕಾಗೋಡಿನ ಗೇಣಿದಾರರು ಶಾಲೆ ಕಲಿತವರಲ್ಲ, ಆದರೆ ನಮ್ಮ ಓದಿದ ಮಿತ್ರರಿಗಿಂತ ಜಾಣರು. ಭೂಮಿ ಹುಣ್ಣಿಮೆಯೂ ಹಳೆಯದು, ದೊಡ್ಡ ಕೊಳಗವೂ ಹಳೆಯದು, ಮೊಣಕಾಲಿನ ಪಂಚೆಯೂ ಹಳೆಯದು. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ತಲೆಯ ಮೇಲೆ ಹೊರಲಿಲ್ಲ, ಒಂದೇ ಗಂಟಿನಲ್ಲಿ ಕಟ್ಟಿ ಹೊಳೆಗೆ ಎಸೆಯಲೂ ಇಲ್ಲ. ಹುಣ್ಣಿಮೆಯನ್ನು ಉಳಿಸಿಕೊಂಡರು, ಕೊಳಗವನ್ನು ಧಿಕ್ಕರಿಸಿದರು, ಪಂಚೆಯನ್ನು ಕಣಕಾಲಿಗೆ ಇಳಿಸಿದರು. ಒಟ್ಟಿಗೆ ಕೂಡಿಸುವ ಹಳೆಯದನ್ನು ಇಟ್ಟುಕೊ, ತಲೆ ಬಗ್ಗಿಸುವ ಹಳೆಯದನ್ನು ಬಿಡು! ಸಂಪ್ರದಾಯದ ವಿಷಯದಲ್ಲಿ ಸಮಾಜವಾದಿಗೆ ಇದಕ್ಕಿಂತ ದೊಡ್ಡ ಸಿದ್ಧಾಂತ ಬೇಕಿಲ್ಲ.

ಮುಳುಗಿದವರ ಊರು

ನೆಲದ ಮೇಲಿನ ಪ್ರೇಮ ಕುರಿತು ಭಾಷಣ ಮಾಡುವವರಿಗೆ ಎರಡನೆಯ ಪ್ರಶ್ನೆ. ಅದೇ ಸಾಗರ, ಅದೇ ಶರಾವತಿ.

1948ರಲ್ಲಿ ಜೋಗದಲ್ಲಿ ವಿದ್ಯುತ್ ಹುಟ್ಟಿತು. ಆಮೇಲೆ ಇನ್ನೂ ದೊಡ್ಡ ಯೋಜನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಸುಮಾರು 300 ಚದರ ಕಿಲೋಮೀಟರಿನಷ್ಟು ನೆಲ ನೀರಿನಡಿಗೆ ಹೋಯಿತು. ಗದ್ದೆ, ತೋಟ, ಗುಡಿ, ಬನ, ಸ್ಮಶಾನ ಎಲ್ಲ ಮುಳುಗಿದವು. ಜನರನ್ನು ಲಾರಿಗಳಲ್ಲಿ ತುಂಬಿ ಕಾಡುಗಳ ನಡುವೆ ತಂದಿಳಿಸಿದರು. ಆ ನೀರು ತಿರುಗಿಸಿದ ಚಕ್ರಗಳಿಂದ ನಮ್ಮ ನಾಡಿನ ಕಾರ್ಖಾನೆ ನಡೆಯಿತು, ಪೇಟೆಯ ದೀಪ ಉರಿಯಿತು. ಗಿರಣಿಯಲ್ಲಿ ರಾತ್ರಿ ಪಾಳಿ ಮಾಡಿದ ಓದುಗ ಬಂಧುಗಳೆ, ನಿಮ್ಮ ಯಂತ್ರದ ಮೇಲೆ ಬಿದ್ದ ಬೆಳಕಿನಲ್ಲಿ ಅವರ ಊರಿನ ಪಾಲೂ ಇತ್ತು. ಅದನ್ನು ನಾವು ಮರೆಯುವಂತಿಲ್ಲ.

ಅಣೆಕಟ್ಟು ಬೇಡವಾಗಿತ್ತೆಂದು ನಾವು ವಾದಿಸುತ್ತಿಲ್ಲ. ನಾಡಿಗೆ ವಿದ್ಯುತ್ ಬೇಕಾಗಿತ್ತು. ಆದರೆ ನಾಡಿಗಾಗಿ ಊರು ಬಿಟ್ಟವನಿಗೆ ನಾಡು ಕೊಟ್ಟದ್ದೇನು? ತಂದಿಳಿಸಿದ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಕೇಂದ್ರದ ಅರಣ್ಯ ಕಾಯಿದೆ ಬಂದ ಮೇಲೆ ಗಂಟು ಇನ್ನಷ್ಟು ಬಿಗಿಯಾಯಿತು. ಅರವತ್ತು ವರ್ಷ ಕಳೆದ ಮೇಲೂ ಶರಾವತಿಯ ಸಂತ್ರಸ್ತರು ಹಕ್ಕುಪತ್ರಕ್ಕಾಗಿ ಪಾದಯಾತ್ರೆ ಮಾಡುತ್ತಿದ್ದಾರೆ, ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ. ಮೊಮ್ಮಕ್ಕಳು ಹುಟ್ಟಿ ಬೆಳೆದ ಮನೆಯ ಅಡಿಯ ನೆಲವೇ ಒತ್ತುವರಿ ಎನಿಸಿಕೊಳ್ಳುತ್ತದೆ!

ಹಿನ್ನೀರಿನ ನಡುವೆ ದ್ವೀಪದಂತೆ ಉಳಿದ ತುಮರಿ ಕಡೆಯ ಹಳ್ಳಿಗಳ ಪಾಡು ಇನ್ನೊಂದು ಬಗೆ. ಕಣ್ಣೆದುರಿಗೇ ವಿದ್ಯುತ್ತಿನ ನೀರು, ಮನೆಯಲ್ಲಿ ಬಹುಕಾಲ ಚಿಮಣಿ ದೀಪ. ಆಸ್ಪತ್ರೆಗೆ, ಕಾಲೇಜಿಗೆ, ಪೇಟೆಗೆ ಹೋಗಬೇಕಾದರೆ ಲಾಂಚಿಗಾಗಿ ಕಾಯಬೇಕು. ಕೊನೆಯ ಲಾಂಚು ತಪ್ಪಿದ ಮೇಲೆ ಹೆರಿಗೆ ನೋವು ಬಂದರೆ ದೇವರೇ ಗತಿ. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ, ಸಂತೋಷವೇ. ಲಿಂಗನಮಕ್ಕಿಯ ಕೆಲಸ ಮುಗಿದ 61 ವರ್ಷಗಳಿಗೆ ಅದು ಬಂತೆಂಬುದನ್ನು ಮಾತ್ರ ಯಾವ ಫಲಕದಲ್ಲೂ ಕೆತ್ತುವುದಿಲ್ಲ.

ಈ ಜನಕ್ಕೆ ಹೋಗಿ, ಬೇರಿಗೆ ಮರಳಿ ಎಂದು ಉಪದೇಶಿಸಿ ನೋಡೋಣ. ಅವರ ಬೇರು ಹಿನ್ನೀರಿನ ಕೆಸರಿನಲ್ಲಿದೆ. ಬೇಸಗೆಯಲ್ಲಿ ನೀರು ಇಳಿದಾಗ ಹಳೆಯ ಗೋಡೆ, ಮರದ ಬೊಡ್ಡೆ ಮೇಲೇಳುತ್ತವೆ. ಅವರನ್ನು ಇಂದಿಗೂ ಒಂದು ಜನವಾಗಿ ಕಟ್ಟಿ ಹಿಡಿದಿರುವುದು ಯಾವುದು? ಮುಳುಗಿದ ಊರಿನ ನೆನಪು, ಹೊಸ ಜಾಗಕ್ಕೆ ಹೊತ್ತು ತಂದ ದೇವರು, ಜೊತೆಗೆ ಹಕ್ಕುಪತ್ರದ ಹೋರಾಟ. ಮೂರನ್ನೂ ಅವರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಅವರ ಕಥೆಯನ್ನು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ನಾಡಿಗೆ ಹೇಳಿದವರು ಸಾಗರದ ನಾ. ಡಿಸೋಜ. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಚರ್ಚಿಗೆ ಹೋಗುವ ಮನೆತನದ ಲೇಖಕ ಮುಳುಗಿದವರ ದುಃಖವನ್ನು ತನ್ನದಾಗಿಸಿಕೊಂಡು ಬರೆದ. ಯಾರು ನಮ್ಮವರು, ಯಾರು ಹೊರಗಿನವರು ಎಂದು ಜಾತಿ ಮತದ ಪಟ್ಟಿ ಹಿಡಿದು ಎಣಿಸುವವರು ಇದನ್ನು ಸ್ವಲ್ಪ ನೆನೆಯಲಿ.

ಜಾತ್ರೆಯ ಅಂಗಡಿ ಸಾಲು

ಪಟ್ಟಿ ಹಿಡಿಯುವವರ ಮಾತು ಬಂತು. ಚಿಲ್ಲರೆ ವ್ಯಾಪಾರದ ಬಂಧುಗಳೆ, ಇದು ನೇರವಾಗಿ ನಿಮಗೆ ಸಂಬಂಧಿಸಿದ್ದು.

2022ರ ಮಾರ್ಚಿಯಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿ ಇಡಲು ಅವಕಾಶವಾಗಲಿಲ್ಲ. ಬೆನ್ನಿಗೇ ಕರಾವಳಿಯ ಕಾಪು ಮಾರಿಗುಡಿಯಲ್ಲಿ, ಮತ್ತೂ ಹಲವೆಡೆ ಅದೇ ಆಯಿತು. ಸರಕಾರ ಧಾರ್ಮಿಕ ದತ್ತಿ ಕಾಯಿದೆಯ ಕೆಳಗಿನ 2002ರ ನಿಯಮವೊಂದನ್ನು ತೋರಿಸಿ ಕೈ ತೊಳೆದುಕೊಂಡಿತು. ಇದೆಲ್ಲವನ್ನೂ ಸಂಪ್ರದಾಯದ ಹೆಸರಿನಲ್ಲಿಯೇ ಮಾಡಲಾಯಿತು.

ಯಾವ ಸಂಪ್ರದಾಯ, ಸ್ವಾಮಿ? ಮೂಲ್ಕಿಯ ಬಳಿ ಬಪ್ಪನಾಡು ದುರ್ಗಾಪರಮೇಶ್ವರಿಯ ಗುಡಿಯಿದೆ. ಅದನ್ನು ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸಲ್ಮಾನ ವ್ಯಾಪಾರಿ ಎಂದು ಆ ಗುಡಿಯ ಐತಿಹ್ಯವೇ ಹೇಳುತ್ತದೆ. ಊರಿನ ಹೆಸರಿನಲ್ಲೇ ಅವನಿದ್ದಾನೆ. ಜಾತ್ರೆಯಲ್ಲಿ ಅವನ ಮನೆತನಕ್ಕೆ ಪ್ರಸಾದ ಸಲ್ಲುವ ಪದ್ಧತಿಯಿದೆ. ಅಂಥ ಬಪ್ಪನಾಡಿನ ಜಾತ್ರೆಗೂ 2022ರಲ್ಲಿ ಮುಸಲ್ಮಾನ ವ್ಯಾಪಾರಿ ಬರಕೂಡದೆಂದು ಫಲಕ ಕಟ್ಟಿದರು! ಶತಮಾನಗಳ ಸಂಪ್ರದಾಯ ಒಂದು ಕಡೆ, ನಿನ್ನೆ ಮೊನ್ನೆ ಅಚ್ಚಾದ ಫಲಕ ಇನ್ನೊಂದು ಕಡೆ. ಇಲ್ಲಿ ಸಂಪ್ರದಾಯ ಮುರಿದವರು ಯಾರು? ಫಲಕ ಕಟ್ಟಿದವರೇ. ಕಾಗೋಡಿನ ಧಣಿ ಮಾಮೂಲು ಎಂದು ಕರೆದು ಕೊಳಗ ಹಿಗ್ಗಿಸಿದ. ಇವರು ಸಂಪ್ರದಾಯ ಎಂದು ಕರೆದು ಊರನ್ನು ಕುಗ್ಗಿಸಿದರು.

ಜಾತ್ರೆ ಏನೆಂದು ವ್ಯಾಪಾರಿಗೆ ನಾವು ಕಲಿಸಬೇಕಾಗಿಲ್ಲ. ಬಳೆಯವನು, ಬೆಂಡು ಬತ್ತಾಸಿನವನು, ಆಟಿಕೆಯವನು, ಪಾತ್ರೆಯವನು, ಕಬ್ಬಿನ ಹಾಲಿನವನು ಎಲ್ಲರೂ ಸೇರಿದರೆ ಜಾತ್ರೆ. ತೇರು ಎಳೆಯುವ ಭಕ್ತ ಎಷ್ಟು ಜಾತ್ರೆಯವನೋ ಅಂಗಡಿ ಇಟ್ಟವನೂ ಅಷ್ಟೇ ಜಾತ್ರೆಯವನು. ಮಗಳಿಗೆ ಬಳೆ ಇಡಿಸದೆ ಯಾವ ತಾಯಿ ಜಾತ್ರೆಯಿಂದ ಮರಳುತ್ತಾಳೆ? ಇಂದು ಬಳೆಗಾರ ಹುಸೇನನನ್ನು ಹೊರಗಟ್ಟುವಾಗ ಪಕ್ಕದ ಅಂಗಡಿಯ ಬಸಣ್ಣ, ಒಬ್ಬ ಕಡಿಮೆಯಾದ, ನನಗೆ ಗಿರಾಕಿ ಹೆಚ್ಚು ಎಂದು ಸುಮ್ಮನಿದ್ದರೆ ನಾಳೆ ಏನಾದೀತು? ಮಳಿಗೆಯ ಹರಾಜು ದೊಡ್ಡ ಗುತ್ತಿಗೆದಾರನಿಗೆ ಹೋಗುತ್ತದೆ, ನೆಲಬಾಡಿಗೆ ಮೂರು ಪಟ್ಟು ಏರುತ್ತದೆ. ಆಗ ಬಸಣ್ಣನ ಜೊತೆಗೆ ನಿಲ್ಲಲು ಯಾರು ಉಳಿದಿರುತ್ತಾರೆ? ಊರನ್ನು ಕುಗ್ಗಿಸುವ ಕೈ ಒಬ್ಬನಿಗೇ ನಿಲ್ಲುವುದಿಲ್ಲ.

ಅಷ್ಟೇ ಅಲ್ಲ. ಇಂದು ಮೊಬೈಲು ಒತ್ತಿದರೆ ಮನೆ ಬಾಗಿಲಿಗೆ ಸಾಮಾನು ತಂದುಕೊಡುವ ಭಾರೀ ಕಂಪನಿಗಳು ಬಂದಿವೆ. ಬೀದಿಯ ಕಿರಾಣಿ ಅಂಗಡಿಗೆ ನಿಜವಾದ ಪೈಪೋಟಿ ಅಲ್ಲಿಂದ. ಕಂಪನಿಗೆ ನಿಮ್ಮ ಬೀದಿಯ ಹೆಸರು ಗೊತ್ತು, ನಿಮ್ಮ ಕಷ್ಟ ಗೊತ್ತಿಲ್ಲ. ಮುಷ್ಕರದ ತಿಂಗಳಲ್ಲಿ ಅಕ್ಕಿ ಬೇಳೆಯನ್ನು ಉದ್ದರಿ ಬರೆದುಕೊಟ್ಟವನು ಬೀದಿಯ ಶೆಟ್ಟರೊ ಸಾಬರೊ ಆಗಿದ್ದರು. ಆ ಉದ್ದರಿ ಪುಸ್ತಕವೇ ನಮ್ಮ ನೆರೆಹೊರೆಯ ನಿಜವಾದ ಶಾಸನ. ವ್ಯಾಪಾರಿ ವ್ಯಾಪಾರಿಯನ್ನು ಮತ ನೋಡಿ ಓಡಿಸುತ್ತಿರುವಾಗ ಕಂಪನಿ ಮತ ನೋಡದೆ ಇಬ್ಬರನ್ನೂ ಮುಗಿಸುತ್ತದೆ.

ಗಿರಣಿ ಕಟ್ಟಿದ ಊರು

ಗಿರಣಿ ಕಾರ್ಮಿಕನಿಗೆ ಸಂಪ್ರದಾಯ ಎಲ್ಲಿಯದು, ಅವನು ಹಳ್ಳಿ ಬಿಟ್ಟು ಬಂದವನು ಎನ್ನುವವರು ಮುಂಬಯಿಯ ಗಿರಣಗಾಂವ್ ಕಡೆ ನೋಡಲಿ. ಹತ್ತಿ ಗಿರಣಿಯ ಹೋರಾಟಕ್ಕೆ ಇಡೀ ದೇಶದಲ್ಲೇ ಅದು ತವರು. ಗಿರಣಿಯ ಊರು ಎಂದೇ ಅದರ ಹೆಸರು. 1850ರ ದಶಕದಲ್ಲಿ ಮೊದಲ ಹತ್ತಿ ಗಿರಣಿ ಎದ್ದ ಮೇಲೆ ಕೊಂಕಣದಿಂದ, ಘಟ್ಟದ ಮೇಲಿನಿಂದ ಬಂದವರು ಚಾಳುಗಳಲ್ಲಿ ಸೇರಿದರು. ಒಂದೇ ಖೋಲಿಯಲ್ಲಿ ಪಾಳಿಯ ಪ್ರಕಾರ ಮಲಗುವ ಹತ್ತಾರು ಮಂದಿ, ಅವರಿಗೆ ಅನ್ನ ಹಾಕಿದ ಖಾನಾವಳಿಯ ಹೆಂಗಸರು, ಒಂದೊಂದು ಹಳ್ಳಿಯವರ ಮಂಡಳಿ, ಭಜನೆಯ ತಂಡ, ಗರಡಿ, ಗಣಪತಿ, ಲಾವಣಿ, ಯೂನಿಯನ್ನು. ಇವನ್ನೆಲ್ಲ ಯಾವ ಧಣಿಯೂ ಕಟ್ಟಿಕೊಡಲಿಲ್ಲ. ಕೂಲಿಯಿಂದ ಉಳಿಸಿದ ಕಾಸಿನಲ್ಲಿ ಕಾರ್ಮಿಕರೇ ಕಟ್ಟಿದರು. ಅಣ್ಣಾಭಾವು ಸಾಠೆ, ಅಮರ ಶೇಖರಂಥ ಶಾಹಿರರು ಅಲ್ಲಿಯ ಬೀದಿಗಳಲ್ಲಿ ಹಾಡಿ ಬೆಳೆದರು. ಒಬ್ಬ ಮಾತಂಗ, ಒಬ್ಬ ಮುಸಲ್ಮಾನ, ಇಬ್ಬರೂ ಕೆಂಪು ಬಾವುಟದವರು.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ವರ್ಷ ಮೀರಿ ನಡೆಯಿತು. ಅಷ್ಟು ದಿನ ಅವರು ತಡೆದುಕೊಂಡದ್ದು ಯಾವುದರ ಬಲದಿಂದ? ಊರಿನ ಬಲದಿಂದ. ಎಷ್ಟೋ ಮಂದಿ ಹಳ್ಳಿಗೆ ಮರಳಿ ಗದ್ದೆ ಕೆಲಸ ಮಾಡಿ ಹೊಟ್ಟೆ ಹೊರೆದರು, ಹಳ್ಳಿಯಿಂದ ಕಾಳು ಬಂತು, ಚಾಳಿನಲ್ಲಿ ಹಂಚಿ ಉಂಡರು. ಕೊನೆಗೆ ಮುಷ್ಕರ ಸೋತಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆಗ ಧಣಿಗಳ ಕಣ್ಣು ಯಂತ್ರದಿಂದ ನೆಲಕ್ಕೆ ಇಳಿಯಿತು. 1991ರ ನಿಯಮದಂತೆ ಗಿರಣಿ ನೆಲದ ಮೂರನೆಯ ಒಂದು ಪಾಲು ನಗರದ ಬಯಲಿಗೆ, ಇನ್ನೊಂದು ಪಾಲು ಸಾರ್ವಜನಿಕ ವಸತಿಗೆ ಸಿಗಬೇಕಾಗಿತ್ತು. 2001ರಲ್ಲಿ ಅದನ್ನು ತಿದ್ದಿ, ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಪಾಲು ಎಂದು ಮಾಡಿದರು. 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಫೀನಿಕ್ಸ್ ಗಿರಣಿಯಿದ್ದಲ್ಲಿ ಇಂದು ಝಗಮಗಿಸುವ ಮಾಲು. ಹಳೆಯ ಚಿಮಣಿಯನ್ನು ಅಲ್ಲಲ್ಲಿ ಉಳಿಸಿ ಪರಂಪರೆ ಎಂದು ಕರೆಯುತ್ತಾರೆ. ಚಿಮಣಿ ಪರಂಪರೆಯಾಯಿತು, ಅದರ ಅಡಿಯಲ್ಲಿ ಶ್ವಾಸಕೋಶ ಸವೆಸಿದವನು ಕಸವಾದ! ಕೊಳಗದ ಆಟ ಇಲ್ಲಿ ಚದರಡಿಯ ಲೆಕ್ಕದಲ್ಲಿ ನಡೆಯಿತು, ಅಷ್ಟೇ ವ್ಯತ್ಯಾಸ.

ನಮ್ಮ ದಾವಣಗೆರೆಯೂ ಇದೇ ಪಾಠ ಹೇಳುತ್ತದೆ. ಹತ್ತಿ ಗಿರಣಿಗಳ ಕಾಲದಲ್ಲಿ ಅದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೊಗಳಿದರು. ಗಿರಣಿಗಳು ಮುಚ್ಚಿದ ಮೇಲೆ ಹೊಗಳಿಕೆ ಉಳಿಯಿತು, ಕೂಲಿ ಹೋಯಿತು. ಇಂದು ದಾವಣಗೆರೆ ಎಂದರೆ ಬೆಣ್ಣೆ ದೋಸೆ, ಮಂಡಕ್ಕಿ, ಮಿರ್ಚಿ ಎಂದು ನಾಡೆಲ್ಲ ಬಾಯಿ ಚಪ್ಪರಿಸುತ್ತದೆ. ಪಾಳಿ ಮುಗಿಸಿ ಬಂದವನ ಹಸಿವಿಗೂ ಭಟ್ಟಿಯ ಮುಂದೆ ಬೆಂದು ಮಂಡಕ್ಕಿ ಹುರಿದವನ ಬೆವರಿಗೂ ಆ ರುಚಿಯಲ್ಲಿ ಪಾಲಿಲ್ಲವೆ? ಊರಿನ ರುಚಿಯನ್ನು ಕೊಂಡಾಡುವವರು ಊರಿನ ಭಟ್ಟಿ ಕಾರ್ಮಿಕನ ಕೆಮ್ಮನ್ನೂ ಒಮ್ಮೆ ಕೇಳಿಸಿಕೊಳ್ಳಲಿ.

ಒಂದು ಆಕ್ಷೇಪ

ಇಷ್ಟು ಹೇಳಿದ ಮೇಲೆ ನಮ್ಮ ಓದಿದ ಮಿತ್ರರು ಎದ್ದು ನಿಲ್ಲುತ್ತಾರೆ: ನೀವು ಊರನ್ನು ಹೊಗಳುತ್ತೀರಿ, ಆದರೆ ಊರೆಂದರೆ ಜಾತಿಯಲ್ಲವೆ? ಊರ ಹೊರಗೆ ಹೊಲಗೇರಿ ಇರಲಿಲ್ಲವೆ? ಸಂಪ್ರದಾಯವೆಂದರೆ ಬಾವಿಯಿಂದ ದಲಿತನನ್ನು ಓಡಿಸಿದ್ದಲ್ಲವೆ?

ಆಕ್ಷೇಪ ನ್ಯಾಯವಾದದ್ದು. ಮಾತಿನ ಬಣ್ಣ ಬಳಿದು ಅದನ್ನು ಮುಚ್ಚಲು ನಾವು ಸಿದ್ಧರಿಲ್ಲ. ದಲಿತನಿಗೆ ನೀರು ಕೊಡದ ಊರು ಊರೇ ಅಲ್ಲ, ಅದು ದೊಡ್ಡ ಕೊಳಗದ ಧಣಿಗಳ ಕೂಟ. ಅದಕ್ಕಾಗಿಯೇ ಹೇಳುವುದು, ಊರು ಎಂಬುದು ಅಜ್ಜ ಇಟ್ಟುಹೋದ ಆಸ್ತಿಯಲ್ಲ, ನಾವು ದಿನವೂ ಕಟ್ಟಬೇಕಾದ ಮನೆ. ಸಂಪ್ರದಾಯವನ್ನೂ ಕಟ್ಟಬಹುದು. 1966ರಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಸಿದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಅಂದು ಅದನ್ನು ವಿಪರೀತವೆಂದವರು ಎಷ್ಟು ಮಂದಿ! ಇಂದು ಅಷ್ಟೋ ಇಷ್ಟೋ ರೈತರ ಮನೆಗಳಲ್ಲಿ, ಶಿಕ್ಷಕರ ಮನೆಗಳಲ್ಲಿ ಮಂತ್ರಮಾಂಗಲ್ಯ ಒಂದು ಪದ್ಧತಿಯಾಗಿ ನಿಂತಿದೆ. ಮಗಳ ಮದುವೆಗೆ ಸಾಲ ಮಾಡಿ ಬಡ್ಡಿಗೆ ಬೆಂದವರಿಗೆ ಅದರ ಬೆಲೆ ಗೊತ್ತು. ಅರುವತ್ತು ವರ್ಷದಲ್ಲಿ ಹೊಸತೊಂದು ಸಂಪ್ರದಾಯವಾಗಬಲ್ಲುದಾದರೆ, ಸಮತೆಯೇಕೆ ಆಗಬಾರದು?

ಅರ್ಥವೆಂಬುದು ಉಪದೇಶದಿಂದ ಬರುವುದಿಲ್ಲ, ಪಾಲಿನಿಂದ ಬರುತ್ತದೆ. ಗದ್ದೆಯಲ್ಲಿ ಪಾಲಿದ್ದವನಿಗೆ ಭೂಮಿ ಹುಣ್ಣಿಮೆಗೆ ಅರ್ಥ. ಜಾತ್ರೆಯಲ್ಲಿ ಜಾಗವಿದ್ದವನಿಗೆ ತೇರಿಗೆ ಅರ್ಥ. ಚಾಳಿನಲ್ಲಿ ಖೋಲಿ, ಗಿರಣಿಯಲ್ಲಿ ಯೂನಿಯನ್ನು ಇದ್ದವನಿಗೆ ಊರಿಗೆ ಅರ್ಥ. ಪಾಲನ್ನು ಕಿತ್ತುಕೊಂಡು ಅರ್ಥವನ್ನು ಹಂಚುತ್ತೇವೆಂದು ಬರುವವರು ಖಾಲಿ ಕೊಳಗ ಬಡಿಯುವವರು. ಅದರಲ್ಲಿ ಸದ್ದಿದೆ, ಕಾಳಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಶರಾವತಿಯಲ್ಲಿ ಮುಳುಗಿದವರಿಗೆ ಇನ್ನೂ ಒಂದು ತಲೆಮಾರು ಕಾಯಿಸದೆ ಹಕ್ಕುಪತ್ರ ಕೊಡಿ. ಜಾತ್ರೆಯ ಅಂಗಡಿ ಸಾಲು ಊರಿನ ಎಲ್ಲ ವ್ಯಾಪಾರಿಗಳಿಗೂ ತೆರೆದಿರಲಿ, ನೆಲಬಾಡಿಗೆಯನ್ನು ಊರಿನ ಸಭೆಯ ಮುಂದೆ ಗೊತ್ತುಮಾಡಲಿ. ಮುಚ್ಚಿದ ಗಿರಣಿಯ ನೆಲ ಎಲ್ಲಿ ಮಾರಾಟವಾದರೂ ಅಲ್ಲಿ ದುಡಿದವರ ವಸತಿಗೆ ಮೊದಲ ಪಾಲು ಸಲ್ಲಲಿ. ಪುರಸಭೆಯ ಬಯಲನ್ನು ಬೇಲಿ ಹಾಕಿ ಹರಾಜಿಗಿಡದಿರಲಿ, ಅದು ಹುಡುಗರ ಆಟಕ್ಕೂ ಮುಷ್ಕರದ ಸಭೆಗೂ ಉಳಿಯಲಿ.

ಇದಕ್ಕೆ ಸರಕಾರದ ಬಾಗಿಲು ಬಡಿಯುವುದೊಂದೇ ಸಾಲದು. ನಮ್ಮ ಬೀದಿಯ ಗಣಪತಿ ಮಂಡಳಿ, ಮೊಹರಂ ಸಮಿತಿ, ಭಜನಾ ಮಂದಿರ, ಯೂನಿಯನ್ ಕಚೇರಿ, ವರ್ತಕರ ಸಂಘ ಇವುಗಳಿಗೆ ಹೋಗಿ. ಮೂಲೆಯಲ್ಲಿ ಕೂರಬೇಡಿ, ಮುಂದಿನ ಸಾಲಿನಲ್ಲಿ ಕೂತು ಲೆಕ್ಕ ಕೇಳಿ. ಚಂದಾ ಎಷ್ಟು ಬಂತು, ಖರ್ಚು ಎಷ್ಟಾಯಿತು, ಯಾರನ್ನು ಕರೆದಿರಿ, ಯಾರನ್ನು ಬಿಟ್ಟಿರಿ ಎಂದು ಕೇಳಿ. ಕೇಳಿದ ತಕ್ಷಣ ಕೆಲವರ ಮುಖ ಕಪ್ಪಿಡುತ್ತದೆ. ಅಂಜಬೇಡಿ. ಕಾಗೋಡಿನ ಗೇಣಿದಾರ ಅಳತೆ ಸರಿಯಿರಲಿ, ರಸೀತಿ ಕೊಡಿ ಎಂದಾಗಲೂ ಧಣಿಯ ಮುಖ ಕಪ್ಪಿಟ್ಟಿತ್ತು.

ಊರು ನಮ್ಮದು. ಅದರ ಹಬ್ಬ ನಮ್ಮದು, ಅದರ ಹೆಸರು ನಮ್ಮದು. ಇನ್ನು ಕೊಳಗವೂ ನಮ್ಮ ಕೈಗೆ ಬರಲಿ!